ನಿಮಗಿದು ಗೊತ್ತೇ? ಬೆಂಗಳೂರಿನ ಮಗ್ಗುಲ ಜಿಲ್ಲೆ

ಅಕ್ಕಪಕ್ಕದ ಎರಡು ಜಿಲ್ಲೆಗಳು. ವಿಸ್ತೀರ್ಣ ಹೆಚ್ಚೂಕಡಿಮೆ ಒಂದೇ: ಒಂದು ಸುಮಾರು 2,200 ಚದರ ಕಿ.ಮೀ., ಇನ್ನೊಂದು ಸುಮಾರು 2,300. 2011ರ ಜನಗಣತಿಯಲ್ಲಿ ಮೊದಲನೆಯದರ ಜನಸಂಖ್ಯೆ 96,21,551. ಎರಡನೆಯದರದು 9,90,923. ಮೊದಲನೆಯದು ಬೆಂಗಳೂರು ನಗರ ಜಿಲ್ಲೆ, ರಾಜ್ಯದಲ್ಲೇ ಅತಿ ಹೆಚ್ಚು ಜನರಿರುವ ಜಿಲ್ಲೆ. ಎರಡನೆಯದು ಬೆಂಗಳೂರು ಗ್ರಾಮಾಂತರ. ಆ ಗಣತಿಯಲ್ಲಿ ಇದಕ್ಕಿಂತ ಕಡಿಮೆ ಜನರಿದ್ದ ಜಿಲ್ಲೆ ಕರ್ನಾಟಕದಲ್ಲಿ ಒಂದೇ ಒಂದು, ಕೊಡಗು.

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ: ಈಗ ಈ ಜಿಲ್ಲೆಯಲ್ಲಿರುವುದು ನಾಲ್ಕೇ ತಾಲ್ಲೂಕು. ಹಾಸನಕ್ಕೋ ತುಮಕೂರಿಗೋ ಕೋಲಾರಕ್ಕೋ ಹಿಂದೂಪುರಕ್ಕೋ ಹೋಗುವಾಗ ನಾವು ಇವುಗಳನ್ನು ದಾಟಿ ಹೋಗುವುದೇ ಹೆಚ್ಚು. ಇಳಿದು ನೋಡುವವರು ಕಡಿಮೆ. ಬೆಂಗಳೂರಿಗಿಂತ ಹಳೆಯ ಚರಿತ್ರೆ, ಬೆಂಗಳೂರಿನ ಹೆಸರು ಹೊತ್ತು ಹೊರದೇಶಕ್ಕೆ ಹೋಗುವ ಬೆಳೆ, ಬೆಂಗಳೂರಿನ ಬಾಯಾರಿಕೆ ತಣಿಸಿದ ನದಿ, ಎಲ್ಲವೂ ಇಲ್ಲಿವೆ. ಹಾಗಾಗಿ ಈ ಸಲದ ಪ್ರಶ್ನೆಗಳೆಲ್ಲ ಈ ಜಿಲ್ಲೆಯ ಬಗ್ಗೆಯೇ.

ಹೆಸರು, ಗಡಿ, ವಿಳಾಸ

ಜಿಲ್ಲೆ ಹುಟ್ಟಿದ್ದು 1986ರ ಆಗಸ್ಟ್ 15ರಂದು. ಆಗ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ. ಅಲ್ಲಿಯವರೆಗೆ ಇದ್ದದ್ದು ಒಂದೇ ಬೆಂಗಳೂರು ಜಿಲ್ಲೆ. ಅದನ್ನು ಒಡೆದಾಗ ಗ್ರಾಮಾಂತರದ ಪಾಲಿಗೆ ಎಂಟು ತಾಲ್ಲೂಕುಗಳು ಬಂದವು. 2007ರಲ್ಲಿ ರಾಮನಗರ ಜಿಲ್ಲೆಯಾದಾಗ ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ಆ ಕಡೆಗೆ ಹೋದವು.

‘ಶೋಲೆ’ ಚಿತ್ರದ ರಾಮಗಢದ ಬಂಡೆಗಳು ನಿಮಗೆ ನೆನಪಿರಬೇಕು. 1975ರಲ್ಲಿ ಆ ಚಿತ್ರ ತೆರೆಗೆ ಬಂದಾಗ ರಾಮನಗರದ ಆ ಬೆಟ್ಟಗಳು ಅವಿಭಜಿತ ಬೆಂಗಳೂರು ಜಿಲ್ಲೆಯಲ್ಲಿದ್ದವು. 1986ರಿಂದ 2007ರವರೆಗೆ ಬೆಂಗಳೂರು ಗ್ರಾಮಾಂತರದಲ್ಲಿ, ಅಲ್ಲಿಂದ ಮುಂದೆ ರಾಮನಗರ ಜಿಲ್ಲೆಯಲ್ಲಿ. 2025ರಲ್ಲಿ ಆ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಾಯಿತು. ಬಂಡೆ ಕದಲಿಲ್ಲ, ಜಿಲ್ಲೆಯ ಹೆಸರು ಮಾತ್ರ ಮೂರು ಸಲ ಬದಲಾಯಿತು.

ಹಾಗೆಯೇ ಸಾಲುಮರದ ತಿಮ್ಮಕ್ಕ. ಅವರಿಗೆ 1995ರಲ್ಲಿ ರಾಷ್ಟ್ರೀಯ ಪೌರ ಪ್ರಶಸ್ತಿ ಬಂದಾಗ ಅವರ ಊರು ಹುಲಿಕಲ್ ಬೆಂಗಳೂರು ಗ್ರಾಮಾಂತರಕ್ಕೆ ಸೇರಿತ್ತು.

ಈಗ ಒಂದು ಪ್ರಶ್ನೆ. ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಎಷ್ಟು ತಾಲ್ಲೂಕುಗಳಿವೆ? ಒಂದೂ ಇಲ್ಲ! ಕುಣಿಗಲ್, ರಾಜರಾಜೇಶ್ವರಿನಗರ, ಬೆಂಗಳೂರು ದಕ್ಷಿಣ, ಆನೇಕಲ್, ಮಾಗಡಿ, ರಾಮನಗರ, ಕನಕಪುರ, ಚನ್ನಪಟ್ಟಣ: ಈ ಎಂಟು ವಿಧಾನಸಭಾ ಕ್ಷೇತ್ರಗಳು ಸೇರಿ ಅದಾಗಿದೆ. ಇಷ್ಟರಲ್ಲಿ ಒಂದು ತುಮಕೂರು ಜಿಲ್ಲೆಯದು, ಮೂರು ಬೆಂಗಳೂರು ನಗರ ಜಿಲ್ಲೆಯವು, ನಾಲ್ಕು ಹಿಂದಿನ ರಾಮನಗರ ಜಿಲ್ಲೆಯವು. ಹಾಗಿದ್ದರೆ ಗ್ರಾಮಾಂತರ ಜಿಲ್ಲೆಯ ಮತದಾರರು ಯಾರನ್ನು ಆರಿಸುತ್ತಾರೆ? ನಾಲ್ಕೂ ತಾಲ್ಲೂಕಿನವರು ಮತ ಹಾಕುವುದು ಚಿಕ್ಕಬಳ್ಳಾಪುರದ ಸಂಸದರಿಗೆ. ಚುನಾವಣೆಯ ಸಮಯದಲ್ಲಿ ‘ಬೆಂಗಳೂರು ಗ್ರಾಮಾಂತರದಲ್ಲಿ ಜಿದ್ದಾಜಿದ್ದಿ’ ಎಂಬ ಸುದ್ದಿ ಓದುವಾಗ ಇದು ನೆನಪಿರಲಿ. ಆ ಜಿದ್ದಾಜಿದ್ದಿ ನಡೆಯುವುದು ಬೇರೆ ಊರುಗಳಲ್ಲಿ.

2025ರ ಜುಲೈನಲ್ಲಿ ನಂದಿ ಬೆಟ್ಟದಲ್ಲಿ ಸೇರಿದ್ದ ಸಚಿವ ಸಂಪುಟ, ಈ ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂದು ಹೆಸರಿಡಲು ತೀರ್ಮಾನಿಸಿತು. ಆದರೆ ಆ ಹೆಸರಿನವು ಮೊದಲೇ ಹಲವು ಇದ್ದವು. ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರ ಇದೆ, ಅದು ಮಲ್ಲೇಶ್ವರ, ಹೆಬ್ಬಾಳ, ಕೆ.ಆರ್. ಪುರ ಕಡೆಯದು. ಬೆಂಗಳೂರು ಉತ್ತರ ತಾಲ್ಲೂಕು ಇದೆ, ಅದು ನಗರ ಜಿಲ್ಲೆಯದು. ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಇದೆ, ಅದರ ಆಡಳಿತ ಕಚೇರಿ ಇರುವುದು ಕೋಲಾರದ ಟಮಕದಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಉತ್ತರ ನಗರ ಪಾಲಿಕೆಯೂ ಆಯಿತು. ಹೆಸರು ಹೊಸದಾದರೆ ಜಿಲ್ಲೆಗೆ ಹೂಡಿಕೆ ಬರುತ್ತದೆ, ಜಮೀನಿಗೆ ಬೆಲೆ ಬರುತ್ತದೆ ಎನ್ನುವವರಿದ್ದಾರೆ. ನನ್ನ ಅನಿಸಿಕೆ ಬೇರೆ. ದೇವನಹಳ್ಳಿ ಎಂಬಷ್ಟು ಹಳೆಯ, ಅಷ್ಟು ಚರಿತ್ರೆಯಿರುವ ಹೆಸರು ಕೈಯಲ್ಲೇ ಇರುವಾಗ, ದಿಕ್ಕಿನ ಹೆಸರಿಗೆ ಹೋಗಬೇಕಿರಲಿಲ್ಲ.

ಜಿಲ್ಲೆಯಾಗಿ ಸುಮಾರು ಮೂರು ದಶಕ ಕಳೆದರೂ ಜಿಲ್ಲಾಡಳಿತದ ಕಚೇರಿಗಳು ಇದ್ದದ್ದು ಜಿಲ್ಲೆಯ ಒಳಗಲ್ಲ, ಬೆಂಗಳೂರು ನಗರದ ನಡುಮಧ್ಯೆ! ನಂದಗುಡಿಯ ರೈತ ಪಹಣಿಯ ತಕರಾರಿಗೆ ಜಿಲ್ಲಾಧಿಕಾರಿಯನ್ನು ಕಾಣಬೇಕಾದರೆ ತನ್ನ ಜಿಲ್ಲೆಯನ್ನು ದಾಟಿ ನಗರಕ್ಕೆ ಬರಬೇಕಿತ್ತು. ಈಗ ದೇವನಹಳ್ಳಿ ತಾಲ್ಲೂಕಿನ ಕುಂದಾಣ ಹೋಬಳಿಯ ಬೀರಸಂದ್ರದಲ್ಲಿ ಜಿಲ್ಲಾಡಳಿತ ಭವನ ಇದೆ.

ವಿಮಾನ ಇಳಿಯುವ ತಾಲ್ಲೂಕು

‘ಬೆಂಗಳೂರು ಏರ್‌ಪೋರ್ಟ್’ ಎನ್ನುತ್ತೇವಲ್ಲ, ಅದು ಇರುವುದು ದೇವನಹಳ್ಳಿ ತಾಲ್ಲೂಕಿನಲ್ಲಿ. ಸುಮಾರು 4,000 ಎಕರೆ. 2008ರ ಮೇ 24ರಂದು ಇಲ್ಲಿ ವಿಮಾನಗಳ ಹಾರಾಟ ಆರಂಭವಾದಾಗ ಹಳೆಯ ಎಚ್‌ಎಎಲ್ ನಿಲ್ದಾಣದಲ್ಲಿ ಪ್ರಯಾಣಿಕ ವಿಮಾನಗಳು ನಿಂತವು. 2013ರಲ್ಲಿ ಕೆಂಪೇಗೌಡರ ಹೆಸರು ಬಂತು. ಇದರ ಪಿನ್ ಕೋಡ್ 560300. ಸುತ್ತಲಿನ ಹಳ್ಳಿಗಳ ಪಿನ್ 562ರಿಂದ ಶುರುವಾದರೆ, ನಿಲ್ದಾಣದ್ದು ನಗರದ 560. ಪೊಲೀಸ್ ವ್ಯವಸ್ಥೆಯೂ ಹಾಗೆಯೇ. ಜಾಗ ಗ್ರಾಮಾಂತರ ಜಿಲ್ಲೆಯದು, ಠಾಣೆ ಬೆಂಗಳೂರು ನಗರ ಪೊಲೀಸ್ ಕಮಿಷನರ್ ವ್ಯಾಪ್ತಿಯದು.

ಹತ್ತು ಲಕ್ಷಕ್ಕೂ ಕಡಿಮೆ ಜನರಿದ್ದ ಜಿಲ್ಲೆಯ ಈ ಒಂದು ಅಂಗಳದಿಂದ 2024ರಲ್ಲಿ ಬಂದು ಹೋದ ಪ್ರಯಾಣಿಕರು 4 ಕೋಟಿಗೂ ಹೆಚ್ಚು.

ಕೆಂಪೇಗೌಡರ 108 ಅಡಿಯ ಕಂಚಿನ ಪ್ರತಿಮೆ 2022ರ ನವೆಂಬರ್ 11ರಂದು ನಿಲ್ದಾಣದ ಆವರಣದಲ್ಲಿ ಅನಾವರಣಗೊಂಡಿತು. ಶಿಲ್ಪಿ ರಾಮ್ ವಿ. ಸುತಾರ್. ಪ್ರತಿಮೆಯ ಜೊತೆ ಚಿತ್ರ ತೆಗೆಸಿಕೊಳ್ಳುವ ಬಹಳ ಮಂದಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಕೆಂಪೇಗೌಡರ ವಂಶದ ಮೂಲ ನೆಲೆ ಅಲ್ಲಿಂದ ಕೆಲವೇ ಕಿಲೋಮೀಟರ್ ಉತ್ತರಕ್ಕೆ, ಇದೇ ದೇವನಹಳ್ಳಿ ತಾಲ್ಲೂಕಿನ ಆವತಿಯಲ್ಲಿದೆ. ಐತಿಹ್ಯ ಹೇಳುವುದು ಹೀಗೆ: ಕಂಚಿಯ ಸೀಮೆಯಲ್ಲಿದ್ದ ಒಂದು ಮೊರಸು ಒಕ್ಕಲಿಗ ಮನೆತನದ ಹೆಣ್ಣುಮಗಳು ದೊಡ್ಡಮ್ಮ. ಅಲ್ಲಿನ ಪಾಳೆಯಗಾರ ಅವಳನ್ನು ಕೊಡಿ ಎಂದು ಬಲವಂತ ಮಾಡಿದ. ಮರ್ಯಾದೆಗೆ ಅಂಜಿದ ಕುಟುಂಬಗಳು ರಾತ್ರೋರಾತ್ರಿ ಗಾಡಿ ಕಟ್ಟಿಕೊಂಡು ಹೊರಟು, ತುಂಬಿದ ಹೊಳೆ ದಾಟಿ, ನಂದಿಯ ಸೀಮೆಗೆ ಬಂದು ನೆಲೆ ನಿಂತವು. ಅವರ ಮುಖ್ಯಸ್ಥ ರಣಭೈರೇಗೌಡ ಆವತಿಯ ಪ್ರಭುವಾದ. ಆ ವಂಶದ ಒಂದು ಕವಲು ಯಲಹಂಕಕ್ಕೆ ಹೋಯಿತು. 1537ರಲ್ಲಿ ಬೆಂಗಳೂರು ಕಟ್ಟಿದ ಹಿರಿಯ ಕೆಂಪೇಗೌಡರು ಆ ಕವಲಿನವರು. ಮಗಳ ಮಾನ ಉಳಿಸಲು ಊರು ಬಿಟ್ಟು ಬಂದವರ ಸಂತತಿ ಕಟ್ಟಿದ ಊರು ನಮ್ಮ ಬೆಂಗಳೂರು. ಶಾಲೆಯ ಪಾಠಗಳಲ್ಲಿ ಕೆಂಪೇಗೌಡರ ನಾಲ್ಕು ಗೋಪುರಗಳ ಕಥೆ ಹೇಳುವಾಗ ದೊಡ್ಡಮ್ಮನ ಹೆಸರನ್ನೂ ಹೇಳಬೇಕು.

ಆವತಿಹಳ್ಳಿ ರೈಲು ನಿಲ್ದಾಣ ಇಂದಿಗೂ ಇದೆ. ಒಂದು ಕಾಲಕ್ಕೆ ನ್ಯಾರೋಗೇಜ್ ರೈಲು ಓಡುತ್ತಿದ್ದ ಚಿಕ್ಕಬಳ್ಳಾಪುರ ಮಾರ್ಗದ ಹಳೆಯ ಪುಟ್ಟ ನಿಲ್ದಾಣಗಳಲ್ಲಿ ಇದೂ ಒಂದು. ಇದೇ ಮಾರ್ಗದಲ್ಲಿ 2021ರ ಜನವರಿಯಲ್ಲಿ ವಿಮಾನ ನಿಲ್ದಾಣದ ಹಾಲ್ಟ್ ಸ್ಟೇಷನ್ ತೆರೆಯಿತು.

ದೇವನಹಳ್ಳಿಯ ಕೋಟೆಗೆ 1501ರಲ್ಲಿ ಮಣ್ಣಿನ ಗೋಡೆ ಕಟ್ಟಿಸಿದ್ದು ಆವತಿಯವರೇ ಆದ ಮಲ್ಲಭೈರೇಗೌಡ. 1749ರಲ್ಲಿ ಮೈಸೂರು ಸೈನ್ಯ ಈ ಕೋಟೆಗೆ ಮುತ್ತಿಗೆ ಹಾಕಿತು. ಆ ಮುತ್ತಿಗೆಯಲ್ಲಿ ಹೆಸರಿಲ್ಲದ ಒಬ್ಬ ಸೈನಿಕನ ಧೈರ್ಯ ಮೈಸೂರಿನ ಮಂತ್ರಿ ನಂಜರಾಜನ ಕಣ್ಣಿಗೆ ಬಿತ್ತು. ಅವನಿಗೆ ಸಣ್ಣದೊಂದು ಪಡೆಯ ಅಧಿಕಾರ ಸಿಕ್ಕಿತು. ಆ ಸೈನಿಕ ಹೈದರ್ ಅಲಿ. ಮೈಸೂರಿನ ಚರಿತ್ರೆ ತಿರುವು ಪಡೆದದ್ದು ಶ್ರೀರಂಗಪಟ್ಟಣದ ಅರಮನೆಯಲ್ಲಿ ಅಲ್ಲ, ಈ ಕೋಟೆಯ ಗೋಡೆಯ ಬುಡದಲ್ಲಿ. ಮುಂದೆ ಅವನ ಮಗ ಟಿಪ್ಪು ಹುಟ್ಟಿದ್ದೂ ಇದೇ ಊರಿನಲ್ಲಿ. ಮಣ್ಣಿನ ಕೋಟೆಗೆ ಕಲ್ಲಿನ ರೂಪ ಬಂದದ್ದು ಹೈದರನ ಕಾಲದಲ್ಲಿ, 1791ರಲ್ಲಿ ಕಾರ್ನ್‌ವಾಲಿಸ್ ಇದನ್ನು ಹಿಡಿದ. ಕೋಟೆಯೊಳಗೆ ಇಂದಿಗೂ ಜನವಸತಿ ಇದೆ, ವೇಣುಗೋಪಾಲಸ್ವಾಮಿಗೆ ಪೂಜೆ ನಡೆಯುತ್ತದೆ. ಟಿಪ್ಪು ಜನಿಸಿದ ಸ್ಥಳದಲ್ಲಿ ಕಂಬಗಳ ಒಂದು ಸಣ್ಣ ಮಂಟಪವಿದೆ.

ದೇವನಹಳ್ಳಿ ನಮಗೆ ಕೊಟ್ಟದ್ದು ದೊರೆಗಳನ್ನು ಮಾತ್ರವಲ್ಲ. ಡಿ.ವಿ.ಜಿ. ಹುಟ್ಟಿದ್ದು ಮುಳಬಾಗಿಲಿನಲ್ಲಿ, ಆದರೆ ಅವರ ಹೆಸರಿನ ಮೊದಲ ಅಕ್ಷರ ಅವರ ಪೂರ್ವಿಕರ ಊರಿನದು: ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ. ಕೆ.ಎಸ್. ನಿಸಾರ್ ಅಹಮದ್ ಹುಟ್ಟಿದ್ದಂತೂ ಇಲ್ಲೇ, 1936ರಲ್ಲಿ. ಭೂವಿಜ್ಞಾನ ಕಲಿಸಿದ ಮೇಷ್ಟ್ರು ಅವರು. ಅವರ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ ರೂಪದಲ್ಲಿ ಬಂದಾಗ ಅದು ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ ಆಯಿತು. ಸಂಗೀತ ಮೈಸೂರು ಅನಂತಸ್ವಾಮಿ ಅವರದು. ಒಂದೇ ಊರಿನ ನಂಟು ಇಬ್ಬರಿಗೂ. ವಿಮಾನ ನಿಲ್ದಾಣದಲ್ಲಿ ಇಳಿಯುವ ಕನ್ನಡಿಗರಿಗೆ ಇದನ್ನು ಹೇಳುವ ಒಂದು ಫಲಕ ಕಂಡರೆ ಎಷ್ಟು ಚೆನ್ನ!

ಮರ, ಹಣ್ಣು, ಗೆಡ್ಡೆ

ದೇಶದ ಮೊಟ್ಟಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಯಾವುದು? ಪಶ್ಚಿಮ ಘಟ್ಟದ ಯಾವುದೋ ಕಾಡು ಅಂದುಕೊಂಡರೆ ತಪ್ಪು. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು! 2007ರಲ್ಲಿ ಆ ಪಟ್ಟ ಸಿಕ್ಕಿತು. ಸುಮಾರು 54 ಎಕರೆಯಲ್ಲಿ 300ರ ಆಸುಪಾಸು ಹುಣಸೆ ಮರಗಳು. ಇಲ್ಲಿನ ಮರವೊಂದರ ವಯಸ್ಸು 400 ವರ್ಷ ಮೀರಿದೆ ಎಂದು ಕಾರ್ಬನ್ ಪರೀಕ್ಷೆ ಹೇಳಿದೆ. ಚೋಳರ ಕಾಲದಲ್ಲಿ ನೆಟ್ಟವು ಎಂಬುದು ಊರಿನವರ ನಂಬಿಕೆ, ತೋಪಿನೊಳಗೆ ಪಾಳುಬಿದ್ದ ಚನ್ನಕೇಶವನ ಗುಡಿಯೂ ಇದೆ. ಬುಡ ಟೊಳ್ಳಾಗಿ, ಸೀಳಿ, ಅಡ್ಡ ಬಿದ್ದ ಕಾಂಡಗಳಿಂದಲೇ ಹೊಸ ಚಿಗುರು ಎದ್ದು ಮತ್ತೆ ಮರವಾಗಿವೆ. ಇಂಥದ್ದೊಂದನ್ನು ನೋಡಲು ಬೆಂಗಳೂರಿನವರು ಅರ್ಧ ದಿನ ಬಿಡುವು ಮಾಡಿಕೊಂಡರೆ ಸಾಕು.

ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಇದೆ. ಬೇರೆ ಕಡೆಯ ಚಕ್ಕೋತದಲ್ಲಿ ಕಹಿ ನಾಲಿಗೆಗೆ ತಟ್ಟುತ್ತದೆ, ಇಲ್ಲಿನದು ಸಿಹಿ. ಒಳಗಿನ ತೊಳೆ ನಸುಗೆಂಪು. ಹಿಂದೆ ಪ್ರತಿ ಮನೆಯ ಹಿತ್ತಿಲಲ್ಲೂ ತೋಟದ ಬದುವಿನಲ್ಲೂ ಇದ್ದ ಮರಗಳು, ವಿಮಾನ ನಿಲ್ದಾಣ ಮತ್ತು ಅದರ ಬೆನ್ನಿಗೆ ಬಂದ ಬಡಾವಣೆಗಳಿಗೆ ಜಮೀನು ಹೋದಂತೆ ಕಡಿಮೆಯಾದವು. ಜಿಐ ಕಾಗದ ಇದ್ದೂ ಮರ ಇಲ್ಲದಿದ್ದರೆ ಏನು ಪ್ರಯೋಜನ? ಹೆದ್ದಾರಿಯ ಬದಿಯಲ್ಲಿ ದೇವನಹಳ್ಳಿಯದೇ ಹಣ್ಣು ಕಂಡರೆ ಚೌಕಾಸಿ ಮಾಡದೆ ಕೊಳ್ಳಿ.

‘ಬೆಂಗಳೂರು ಬ್ಲೂ’ ದ್ರಾಕ್ಷಿಗೂ ಜಿಐ ಇದೆ. ಹೆಸರು ಬೆಂಗಳೂರಿನದು, ಬಳ್ಳಿ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ತೋಟಗಳದು. ಸುಮಾರು 150 ವರ್ಷಗಳಿಂದ ಬೆಳೆಯುತ್ತಿದ್ದಾರೆ. ದಪ್ಪ ಸಿಪ್ಪೆ, ಬೀಜ, ಒಂದು ಬಗೆಯ ಗಾಢ ಪರಿಮಳ. ಜ್ಯೂಸಿಗೂ ವೈನಿಗೂ ಹೇಳಿ ಮಾಡಿಸಿದ ಹಣ್ಣು.

ಗುಲಾಬಿ ಈರುಳ್ಳಿಯ ಕಥೆ ಇನ್ನೂ ಸ್ವಾರಸ್ಯಕರ. ‘ಬೆಂಗಳೂರು ರೋಸ್’ ಎಂಬ ಹೆಸರಿನ ಈ ಸಣ್ಣ ಗೆಡ್ಡೆಯ, ಕಡುಗೆಂಪು ಬಣ್ಣದ, ಚಪ್ಪಟೆ ಬುಡದ, ಖಾರ ಹೆಚ್ಚಿರುವ ಈರುಳ್ಳಿ ನಮ್ಮ ಅಡುಗೆಮನೆಗೆ ಬರುವುದು ಕಡಿಮೆ. ಬಹುಪಾಲು ಹಡಗು ಹತ್ತಿ ಮಲೇಷ್ಯಾ, ಸಿಂಗಪುರ, ಇಂಡೊನೇಷ್ಯಾ, ಶ್ರೀಲಂಕಾದ ಕಡೆ ಹೋಗುತ್ತದೆ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತಿನ ಮೇಲೆ ಶೇ 40ರಷ್ಟು ಸುಂಕ ಹಾಕಿದಾಗ ಇಲ್ಲಿನ ಬೆಳೆಗಾರರು ಕಂಗೆಟ್ಟರು. ದೇಶದೊಳಗೆ ಮಾರುಕಟ್ಟೆಯೇ ಇಲ್ಲದ ಬೆಳೆಯನ್ನು ಹೊರಗೆ ಕಳಿಸದಿದ್ದರೆ ಕೊಳೆಸಬೇಕಷ್ಟೆ. ಅವರ ಅಹವಾಲು ಕೇಳಿಸಿತು, ಕೆಲವೇ ವಾರಗಳಲ್ಲಿ ಈ ಒಂದು ತಳಿಗೆ ಸುಂಕದಿಂದ ವಿನಾಯಿತಿ ಸಿಕ್ಕಿತು.

ಟಿಪ್ಪು ನಂದಿ ಬೆಟ್ಟದಲ್ಲಿ ನೀಲಗಿರಿ ಮರಗಳನ್ನು ನೆಡಿಸಿದ್ದು 1790ರ ಸುಮಾರಿಗೆ. ಆ ಬೆಟ್ಟದ ಮರಗಳ ಬೀಜದಿಂದ ಬಂದ ತಳಿ ‘ಮೈಸೂರು ಗಮ್’ ಎಂದು ಹೆಸರಾಗಿ, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗ್ರಾಮಾಂತರ ಜಿಲ್ಲೆಯ ರಾಗಿ ಹೊಲಗಳನ್ನೂ ಕೋಲಾರದ ಬಯಲನ್ನೂ ಆವರಿಸಿತು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಕಾರಣ ನೀರು.

ನೀರಿನ ಲೆಕ್ಕ

ಈ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ.

ಆದರೂ ಬೆಂಗಳೂರಿಗೆ ಮೊದಲು ಕೊಳಾಯಿ ನೀರು ಬಂದದ್ದು ಇಲ್ಲಿ ಹರಿದು ಬರುವ ಅರ್ಕಾವತಿಯಿಂದ. ನಂದಿ ಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ಕೆರೆಗಳನ್ನು ಒಂದೊಂದಾಗಿ ತುಂಬಿಸಿ, ಕೋಡಿ ಹರಿದು ಹೆಸರಘಟ್ಟಕ್ಕೆ ಸೇರುತ್ತಿದ್ದ ನೀರನ್ನು 1890ರ ದಶಕದಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ನಗರಕ್ಕೆ ಹಾಯಿಸಿದರು. ಅದು ಸಾಲದಾದಾಗ 1933ರಲ್ಲಿ ಅದೇ ನದಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟೆ ಬಂತು. ಅಲ್ಲಿ ಅರ್ಕಾವತಿಯನ್ನು ಕೂಡುವ ಕುಮುದ್ವತಿಯೂ ಗ್ರಾಮಾಂತರದ್ದೇ, ಅದರ ಹುಟ್ಟು ನೆಲಮಂಗಲ ತಾಲ್ಲೂಕಿನ ಶಿವಗಂಗೆ ಬೆಟ್ಟ. ಕಾವೇರಿ ನೀರು ಬರುವ ಮೊದಲು ಬೆಂಗಳೂರು ಕುಡಿದದ್ದು ಈ ಎರಡು ಹೊಳೆಗಳನ್ನು.

ನಂದಿಯ ಸೀಮೆಯಿಂದಲೇ ಹೊರಡುವ ಇನ್ನೊಂದು ಹೊಳೆ ದಕ್ಷಿಣ ಪಿನಾಕಿನಿ. ಅದು ದೇವನಹಳ್ಳಿ, ಹೊಸಕೋಟೆಯ ಮೂಲಕ ತಮಿಳುನಾಡಿಗೆ ಇಳಿದು ಕಡಲೂರಿನ ಬಳಿ ಸಮುದ್ರ ಸೇರುತ್ತದೆ. ಅರ್ಕಾವತಿಯೋ ಕನಕಪುರದ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಪಕ್ಕಪಕ್ಕದ ತಾಲ್ಲೂಕುಗಳಲ್ಲಿ ಒಂದೇ ದಿನ ಬಿದ್ದ ಮಳೆ, ಕಡಲು ಮುಟ್ಟುವುದು ಎರಡು ಬೇರೆ ದಾರಿಗಳಲ್ಲಿ.

ಇಂದು ನಾಲ್ಕೂ ತಾಲ್ಲೂಕುಗಳು ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿವೆ. ಮಳೆಯಿಂದ ಇಂಗುವುದಕ್ಕಿಂತ ಹೆಚ್ಚು ನೀರನ್ನು ಪ್ರತಿ ವರ್ಷ ಮೇಲೆತ್ತುತ್ತಿದ್ದೇವೆ ಎಂದು ಇದರ ಅರ್ಥ. ಸಾವಿರ ಅಡಿ ಕೊರೆಸಿದರೂ ದೂಳು ಮಾತ್ರ ಬಂತು ಎನ್ನುವ ರೈತರು ಇಲ್ಲಿ ಊರೂರಲ್ಲಿ ಸಿಗುತ್ತಾರೆ. ಕೊಳವೆಬಾವಿ ಕೊರೆಸಲು ಮಾಡಿದ ಸಾಲ, ಕೊರೆದ ಲಾರಿ ಹೋದ ಮೇಲೂ ಮನೆಯಲ್ಲಿ ಉಳಿಯುತ್ತದೆ.

ಹೆಬ್ಬಾಳ–ನಾಗವಾರ ಕಣಿವೆ ಯೋಜನೆ ಗೊತ್ತೇ? ಬೆಂಗಳೂರಿನ ಬಚ್ಚಲು, ಶೌಚಾಲಯಗಳ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಪೈಪಿನ ಮೂಲಕ ಬೆಂಗಳೂರು ನಗರ, ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ 65 ಕೆರೆಗಳಿಗೆ ತುಂಬಿಸುವ ಯೋಜನೆ ಅದು. ದಿನಕ್ಕೆ 21 ಕೋಟಿ ಲೀಟರ್ ಅದರ ಗುರಿ. ಉದ್ದೇಶ ಅಂತರ್ಜಲ ಮೇಲೇರಿಸುವುದು. ವರ್ಷಗಟ್ಟಲೆ ಒಣಗಿದ್ದ ಕೆರೆಯಲ್ಲಿ ನೀರು ಕಂಡಾಗ ಜನ ಸಂತೋಷಪಟ್ಟದ್ದು ನಿಜ. ಮೂರನೆಯ ಹಂತದ ಶುದ್ಧೀಕರಣವೂ ಆಗಲಿ ಎಂದು ಅದೇ ಜನ ಪಟ್ಟು ಹಿಡಿದದ್ದೂ ನಿಜ. ಅವರ ಬೇಡಿಕೆ ನ್ಯಾಯವಾದದ್ದು. ಈ ಸೀಮೆಯಿಂದ ಹರಿದು ಹೋಗಿ ನಗರ ಸೇರಿದ್ದು ಕುಡಿಯುವ ನೀರು. ಅಲ್ಲಿಂದ ಮರಳಿ ಬರುವುದು ಅದಕ್ಕೆ ಹತ್ತಿರವಾದರೂ ಇರಬೇಕು.

ದೊಡ್ಡಬಳ್ಳಾಪುರದ ದೊಡ್ಡತುಮಕೂರು, ಮಜರಾಹೊಸಹಳ್ಳಿ ಪಂಚಾಯಿತಿಗಳ ಜನರದು ಇನ್ನೊಂದು ಹೋರಾಟ. ಪಟ್ಟಣದ ಕೊಳಚೆ ಮತ್ತು ಕೈಗಾರಿಕೆಗಳ ತ್ಯಾಜ್ಯ ತಮ್ಮ ಕೆರೆಗಳಿಗೆ ಬರದಂತೆ ತಡೆಯಿರಿ ಎಂದು ಅವರು ವರ್ಷಗಳಿಂದ ಕೇಳುತ್ತಿದ್ದಾರೆ.

ಮಗ್ಗ ಮತ್ತು ಘಾಟಿ

ದೊಡ್ಡಬಳ್ಳಾಪುರದ ಓಣಿಗಳಲ್ಲಿ ನಡೆದರೆ ಮೊದಲು ಕಿವಿಗೆ ಬೀಳುವುದು ಪವರ್‌ಲೂಮ್‌ಗಳ ಸದ್ದು. ಮನೆಯ ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದೆ ಸಂಸಾರ. ಇಲ್ಲಿ ನೇಯ್ದ ಸೀರೆ ಬೆಂಗಳೂರಿನ ಚಿಕ್ಕಪೇಟೆಯ ಅಂಗಡಿಗಳಿಗೆ ಹೋಗುತ್ತದೆ. ಕೊಳ್ಳುವವರಿಗೆ ಅದು ದೊಡ್ಡಬಳ್ಳಾಪುರದ್ದೆಂದು ತಿಳಿಯುವುದೇ ಅಪರೂಪ. ಸೂರತ್‌ನಿಂದ ಬರುವ ಅಗ್ಗದ ಸೀರೆಗಳ ಪೈಪೋಟಿಯಲ್ಲಿ ನೇಕಾರರು ನಲುಗಿದ್ದಾರೆ. ಮದುವೆಯ ಜವಳಿ ತೆಗೆಯುವಾಗ ‘ಇದು ಎಲ್ಲಿ ನೇಯ್ದದ್ದು?’ ಎಂದು ಒಂದು ಮಾತು ಕೇಳಿದರೆ ಅದರಿಂದಲೂ ಅವರಿಗೆ ನೆರವಾಗುತ್ತದೆ.

ಘಾಟಿ ಸುಬ್ರಹ್ಮಣ್ಯದ ಗರ್ಭಗುಡಿಯಲ್ಲಿ ಕನ್ನಡಿ ಏಕಿದೆ ಗೊತ್ತೇ? ಅಲ್ಲಿ ಒಂದೇ ಶಿಲೆಯಲ್ಲಿ ಇಬ್ಬರು ದೇವರು. ಏಳು ಹೆಡೆಯ ಸುಬ್ರಹ್ಮಣ್ಯ ಪೂರ್ವಕ್ಕೆ, ನರಸಿಂಹ ಪಶ್ಚಿಮಕ್ಕೆ ಮುಖ ಮಾಡಿದ್ದಾರೆ. ಬೆನ್ನಿನ ಕಡೆಯ ನರಸಿಂಹನೂ ಭಕ್ತರಿಗೆ ಕಾಣಲೆಂದು ಹಿಂದೆ ಕನ್ನಡಿ ಇಟ್ಟಿದ್ದಾರೆ. ಇಲ್ಲಿನ ದನಗಳ ಜಾತ್ರೆ ಹಳೆ ಮೈಸೂರು ಸೀಮೆಯ ದೊಡ್ಡ ಜಾತ್ರೆಗಳಲ್ಲಿ ಒಂದು. ಡಿಸೆಂಬರಿನ ಚಳಿಯಲ್ಲಿ ಪೆಂಡಾಲು ಹಾಕಿ, ಮೆರವಣಿಗೆ ಮಾಡಿ, ಹಳ್ಳಿಕಾರ್ ಹೋರಿಗಳನ್ನು ತಂದು ಕಟ್ಟುತ್ತಾರೆ. ಒಳ್ಳೆಯ ಜೋಡಿಗೆ ಲಕ್ಷಗಳಲ್ಲಿ ಬೆಲೆ.

ಅದೇ ದಾರಿಯಲ್ಲಿ ಮಾಕಳಿದುರ್ಗ. ಬೆಟ್ಟದ ಮೇಲೆ ಕೋಟೆ, ಕೆಳಗೆ ಬಳಸಿ ಹೋಗುವ ರೈಲು ಹಳಿ. ಚಾರಣಿಗರಿಗೆ ಅಚ್ಚುಮೆಚ್ಚು.

ನೆಲಮಂಗಲದಲ್ಲಿ ಒಂದು ರಾಜಧಾನಿ

ನೆಲಮಂಗಲ ಅಂದರೆ ನಮಗೆ ಟೋಲ್, ಟ್ರಾಫಿಕ್. ಪುಣೆಯ ಹೆದ್ದಾರಿ ಮತ್ತು ಮಂಗಳೂರಿನ ಹೆದ್ದಾರಿ ಕವಲೊಡೆಯುವ ಜಾಗ. ಆದರೆ ಇದೇ ತಾಲ್ಲೂಕಿನ ಮಣ್ಣೆ ಎಂಬ ಹಳ್ಳಿ ಎಂಟನೆಯ ಶತಮಾನದಲ್ಲಿ ಗಂಗರ ರಾಜಧಾನಿಯಾಗಿತ್ತು! ಶಾಸನಗಳು ಅದನ್ನು ಮಾನ್ಯಪುರ ಎನ್ನುತ್ತವೆ. ಕೋಲಾರ, ತಲಕಾಡುಗಳ ಸಾಲಿಗೆ ಸೇರುವ ಊರು. ಶ್ರೀಪುರುಷನಂಥ ದೊರೆ ಇಲ್ಲಿಂದ ಆಳಿದ. ಕೆಂಪೇಗೌಡರು ಬೆಂಗಳೂರು ಕಟ್ಟುವ ಹೊತ್ತಿಗೆ ಮಾನ್ಯಪುರಕ್ಕೆ ಎಂಟು ಶತಮಾನಗಳ ವಯಸ್ಸು. ಗಂಗರ ಬಗ್ಗೆ ಓದುವ ಮಕ್ಕಳನ್ನು ತಲಕಾಡಿಗೆ ಪ್ರವಾಸ ಕರೆದೊಯ್ಯುತ್ತೇವೆ, ಒಳ್ಳೆಯದೇ. ಮಣ್ಣೆಗೂ ಒಂದು ದಿನ ಇರಲಿ.

ಶಿವಗಂಗೆಯ ಬೆಟ್ಟ ಪೂರ್ವದಿಂದ ನೋಡಿದರೆ ಬಸವ, ಪಶ್ಚಿಮದಿಂದ ಗಣಪ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆಯೆತ್ತಿದ ನಾಗರ ಎಂದು ಭಕ್ತರು ಹೇಳುತ್ತಾರೆ. ಗಂಗಾಧರೇಶ್ವರನಿಗೆ ತುಪ್ಪದ ಅಭಿಷೇಕ ಮಾಡಿದರೆ ಅದು ಬೆಣ್ಣೆಯಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ನಂಬಿಕೆ. ಎಲ್ಲರಿಗೂ ಗೊತ್ತಿಲ್ಲದ್ದು ಇದು: ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ ಕೊನೆಯುಸಿರೆಳೆದದ್ದು ಈ ಬೆಟ್ಟದಲ್ಲಿ, 1131ರಲ್ಲಿ. ಇದನ್ನು ಹೇಳುವುದು ಶ್ರವಣಬೆಳಗೊಳದ ಶಾಸನ. ಮಗಳನ್ನು ಕಳೆದುಕೊಂಡ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಹೋಗಿ ಒಂದು ತಿಂಗಳು ಉಪವಾಸವಿದ್ದು ದೇಹ ಬಿಟ್ಟಳೆಂದೂ ಅಲ್ಲೇ ಕೆತ್ತಲಾಗಿದೆ. ಶಾಂತಲೆ ಬೆಟ್ಟದಿಂದ ಧುಮುಕಿದಳು ಎಂಬ ಜನಜನಿತ ಕಥೆಗಿಂತ, ತಾಯಿ–ಮಗಳ ಈ ಶಾಸನದ ಮಾತು ನನ್ನನ್ನು ಹೆಚ್ಚು ಕಲಕುತ್ತದೆ.

ದಾಬಸ್‌ಪೇಟೆಯ ಹತ್ತಿರದ ನಿಜಗಲ್ ಕೋಟೆಗೆ 1770ರಲ್ಲಿ ಪೇಶ್ವೆ ಮಾಧವರಾಯನೇ ಮುತ್ತಿಗೆ ಹಾಕಿದ್ದ. ಹೈದರನ ಪಡೆ ಎಷ್ಟು ಗಟ್ಟಿಯಾಗಿ ನಿಂತಿತೆಂದರೆ, ಕೋಟೆ ಬಿದ್ದದ್ದು ಚಿತ್ರದುರ್ಗದ ನಾಯಕರ ಪಡೆ ಮರಾಠರ ಜೊತೆಗೂಡಿದ ಮೇಲೆ.

ನಟಿ ಲೀಲಾವತಿ ಕೊನೆಯ ವರ್ಷಗಳನ್ನು ಕಳೆದದ್ದು ನೆಲಮಂಗಲ ತಾಲ್ಲೂಕಿನ ಸೋಲದೇವನಹಳ್ಳಿಯಲ್ಲಿ. ಆ ಊರಿನ ಜನರಿಗೊಂದು ಆಸ್ಪತ್ರೆ, ಪ್ರಾಣಿಗಳಿಗೊಂದು ಆಸ್ಪತ್ರೆ ಕಟ್ಟಿಸಿದರು. 2023ರ ಡಿಸೆಂಬರ್ 8ರಂದು ತೀರಿಕೊಂಡರು.

ಹೊಸಕೋಟೆ, ಬೇಗ ಬೇಗ

ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಬೆಂಗಳೂರಿನಲ್ಲಿ ಆರಂಭವಾಗುವುದಿಲ್ಲ. ಹೊಸಕೋಟೆಯಿಂದ ಶ್ರೀಪೆರಂಬುದೂರಿಗೆ, ಸುಮಾರು 260 ಕಿ.ಮೀ.

ವೋಲ್ವೊ ಕಂಪನಿ ಭಾರತದಲ್ಲಿ ಲಾರಿಗಳ ತಯಾರಿಕೆ ಶುರು ಮಾಡಿದ್ದು 1998ರಲ್ಲಿ, ಹೊಸಕೋಟೆಯ ಕಾರ್ಖಾನೆಯಲ್ಲಿ. ಬಸ್ಸುಗಳು ಆಮೇಲೆ ಬಂದವು.

ಊರಿನ ಕೋಟೆ 1595ರಲ್ಲಿ ಸುಗಟೂರಿನ ತಮ್ಮೇಗೌಡ ಕಟ್ಟಿಸಿದ್ದು. ಅವಿಮುಕ್ತೇಶ್ವರ ಗುಡಿಯನ್ನು ನೋಡದೆ ಬರಬೇಡಿ. ದೊಡ್ಡ ಅಮಾನಿಕೆರೆ ತುಂಬಿದ ವರ್ಷ ಚಳಿಗಾಲದಲ್ಲಿ ಹಕ್ಕಿ ನೋಡುವವರ ಹಬ್ಬ.

ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಹೊಸಕೋಟೆಯಲ್ಲಿ ಮಟನ್ ದಮ್ ಬಿರಿಯಾನಿಗೆ ಸಾಲು ಹಚ್ಚುತ್ತಾರೆ. ಸೌದೆ ಒಲೆಯ ಮೇಲೆ ರಾತ್ರಿಯಿಡೀ ಬೆಂದ ಹಂಡೆಯ ಮುಚ್ಚಳ ತೆಗೆಯುವ ಹೊತ್ತು ಅದು. ತಡವಾದರೆ ಖಾಲಿ.

ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಸೂಲಿಬೆಲೆ, ಹೊಸಕೋಟೆ: ಇವನ್ನು ಪೋಣಿಸುವ ಸುಮಾರು 80 ಕಿ.ಮೀ. ಹೊಸ ಹೆದ್ದಾರಿ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆಯ ಮೊದಲ ಭಾಗ. ಈಗ ದೊಡ್ಡಬಳ್ಳಾಪುರದಿಂದ ಹೊಸಕೋಟೆಗೆ ಬೆಂಗಳೂರಿನ ಟ್ರಾಫಿಕ್‌ಗೆ ಸಿಕ್ಕಿಕೊಳ್ಳದೆ ಹೋಗಬಹುದು.

ಹದಿಮೂರು ಹಳ್ಳಿಗಳು

ಕೊನೆಯದಾಗಿ, ಇತ್ತೀಚಿನ ಒಂದು ಸಂಗತಿ. ದೇವನಹಳ್ಳಿ ತಾಲ್ಲೂಕಿನ ದೊಡ್ಡಗೊಲ್ಲಹಳ್ಳಿ, ಚಪ್ಪರದಹಳ್ಳಿಗಳ ಬಳಿ ಸುಮಾರು 300 ಎಕರೆಯಲ್ಲಿ ಫಾಕ್ಸ್‌ಕಾನ್ ಕಾರ್ಖಾನೆ ಎದ್ದಿದೆ, 2025ರಲ್ಲಿ ಅಲ್ಲಿ ಐಫೋನ್ ತಯಾರಿಕೆ ಆರಂಭವಾಯಿತು. ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆಯನ್ನು ಏರೋಸ್ಪೇಸ್ ಪಾರ್ಕ್‌ಗೆಂದು ಸ್ವಾಧೀನ ಮಾಡಿಕೊಳ್ಳಲು ಸರ್ಕಾರ ಮುಂದಾಗಿತ್ತು. ರಾಗಿ, ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿ ಬೆಳೆಯುವ ಜಮೀನು ಅದು. 2022ರ ಏಪ್ರಿಲ್‌ನಲ್ಲಿ ರೈತರು ಧರಣಿ ಕುಳಿತರು. ಮಳೆಗಾಲಗಳು ಹೋದವು, ಸರ್ಕಾರ ಬದಲಾಯಿತು, ಲಾಠಿ ಏಟು ಬಿತ್ತು, ಕೇಸು ಬಿದ್ದವು. ಅವರು ಏಳಲಿಲ್ಲ. ದಲಿತ ಸಂಘಟನೆಗಳು, ರೈತ ಸಂಘಗಳು, ಕಾರ್ಮಿಕ ಸಂಘಟನೆಗಳು ಜೊತೆಗೆ ನಿಂತವು. ಮೂರು ವರ್ಷ ಮೂರು ತಿಂಗಳ ಮೇಲೆ, 2025ರ ಜುಲೈ 15ರಂದು, ಮುಖ್ಯಮಂತ್ರಿ ಸಿದ್ದರಾಮಯ್ಯ ಭೂಸ್ವಾಧೀನವನ್ನು ಕೈಬಿಡುವುದಾಗಿ ಘೋಷಿಸಿದರು. ತಾವಾಗಿಯೇ ಜಮೀನು ಕೊಡಲು ಮುಂದೆ ಬರುವವರಿಂದ ಮಾತ್ರ, ಹೆಚ್ಚಿನ ಬೆಲೆಗೆ, ಸರ್ಕಾರ ಕೊಳ್ಳುತ್ತದೆ ಎಂದರು. ಉಳಿದವರು ಉಳುಮೆ ಮುಂದುವರಿಸಬಹುದು.